ಮಣ್ಣಿನ ಮಾಳಿಗೆಗೂ ದುರಸ್ತಿಯ ದುಡ್ಡು ಬೇಕು

ಮಿರ್ಗದ ಮಳೆ ಹಿಡಿಯುವ ಮೊದಲೇ ಮಾಳಿಗೆಗೆ ಮಣ್ಣು ಹಾಕಿ ಮುಗಿಸಬೇಕು. ಕುಷ್ಟಗಿ ತಾಲೂಕಿನ ಹನುಮಸಾಗರದ ಸುತ್ತಲಿನ ಸೀಮೆಯಲ್ಲಿ ಹಳೇ ಮಣ್ಣಿನ ಮನೆ ಇಟ್ಟುಕೊಂಡವರಿಗೆ ಇದು ಗೊತ್ತು. ಮೇಲೆ ಬೆಳೆದ ಹುಲ್ಲನ್ನು ಬೇರುಸಹಿತ ಕಿತ್ತು, ಬುಟ್ಟಿಯಲ್ಲಿ ಹೊತ್ತ ಸವಳು ಮಣ್ಣು ಹರಡಿ, ಚೆನ್ನಾಗಿ ತುಳಿದು, ನೀರು ಹರನಾಳಿಗೆಯತ್ತ ಓಡುವಂತೆ ಇಳಿಜಾರು ಮಾಡಬೇಕು. ಆ ಭಾರವನ್ನು ಜಂತಿ ತೊಲೆಗೆ, ತೊಲೆ ಕಂಬಕ್ಕೆ ದಾಟಿಸುತ್ತದೆ. ಬೆಳಕಿಂಡಿಯಿಂದ ಇಳಿದ ಬಿಸಿಲಕೋಲು ಪಡಸಾಲೆಯಲ್ಲಿ ಸರಿಯುತ್ತ ಹೊತ್ತು ತಿಳಿಸುತ್ತದೆ. ದಪ್ಪ ಗೋಡೆಯ ಒಳಗೆ ಏಪ್ರಿಲ್ ಮಧ್ಯಾಹ್ನವೂ ತಣ್ಣಗಿರುತ್ತದೆ.

ಸರ್ಕಾರಿ ಕಾಗದದಲ್ಲಿ ಇದರ ಹೆಸರು ‘ಕಚ್ಚಾ ಮನೆ’.

ಈ ಕಸುಬು ಇಲ್ಲಿಗೆ ನಿನ್ನೆ ಬಂದದ್ದಲ್ಲ. ನೆರೆಯ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಉತ್ಖನನ ನಡೆಸಿದಾಗ, ಸುಮಾರು ಮೂರೂವರೆ ಸಾವಿರ ವರ್ಷ ಹಿಂದಿನ ದುಂಡು ಗುಡಿಸಲುಗಳ ಕುರುಹು ಸಿಕ್ಕವು. ತಟ್ಟಿಗೆ ಮಣ್ಣು ಮೆತ್ತಿ ಕಟ್ಟಿದ ಆ ಮನೆಗಳು ಈ ಭಾಗದ ಹಳೆಯ ಒಕ್ಕಲಿನವರ ಮನೆಗಳು. ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡದ ಶಿಲಾಗೋರಿಗಳನ್ನು ಜನ ‘ಮೋರ್ಯರ ಮನೆ’ ಎನ್ನುತ್ತಾರೆ. ಅವು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. ಸತ್ತವರ ಕಲ್ಲುಮನೆಗೆ ಸಿಕ್ಕ ಗೌರವ ಸರಿಯಾದದ್ದೇ. ಬದುಕಿದವರ ಮಣ್ಣಿನ ಮನೆಗೆ ಮಾತ್ರ ಯಾವ ಪಟ್ಟಿಯೂ ಇಲ್ಲ.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯ ಫಲಾನುಭವಿಗೆ 1.20 ಲಕ್ಷ ರೂಪಾಯಿ ಕೊಡುತ್ತದೆ. ಆ ಹಣ ಹೊಸ ಪಕ್ಕಾ ಮನೆಗೆ. ಇದ್ದ ಮಾಳಿಗೆಯ ತೊಲೆ ಬದಲಿಸಲು ಅಲ್ಲ. ಬಡವರು ಹಳೆಯದನ್ನು ಕೆಡವಿದರೆ ತಪ್ಪು ಅವರದ್ದಲ್ಲ.

ಮಣ್ಣಿನ ಮನೆಯ ಅಪಾಯವನ್ನು ಮುಚ್ಚಿಡಬೇಕಿಲ್ಲ. 2009ರ ಸೆಪ್ಟೆಂಬರ್ ಕೊನೆಯ ಮಳೆಗೆ ಉತ್ತರ ಕರ್ನಾಟಕದಲ್ಲಿ ಇಂಥ ಮನೆಗಳು ಸಾಲುಸಾಲಾಗಿ ಕುಸಿದವು, ಜೀವಗಳು ಹೋದವು. ವರ್ಷವರ್ಷದ ಆರೈಕೆ ತಪ್ಪಿದರೆ ಮಣ್ಣು ಕ್ಷಮಿಸುವುದಿಲ್ಲ. ಆದರೆ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಎಂದೋ ಬಳಕೆಗೆ ತಂದಿದೆ. ಆ ಜ್ಞಾನ ಕುಷ್ಟಗಿ ತಾಲೂಕಿನ ಗೌಂಡಿಗಳ ಕೈಗೂ ಬರಬೇಕು.

ವಸತಿ ಯೋಜನೆಯಲ್ಲಿ ದುರಸ್ತಿಗೂ ಒಂದು ಪಾಲು ತೆಗೆದಿಡಲಿ. ಪ್ರತಿ ಗ್ರಾಮ ಪಂಚಾಯಿತಿ ತನ್ನೂರಿನ ಅತಿ ಹಳೆಯ ಮಣ್ಣಿನ ಮನೆಗಳ ಅಳತೆ, ಫೋಟೊ ದಾಖಲಿಸಿಡಲಿ. ಮಾಳಿಗೆಗೆ ಮಣ್ಣು ಹಾಕಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಈ ಸಲ ಮಿರ್ಗಕ್ಕೆ ಮೊದಲು ಅವರ ಜೊತೆ ನೀವೂ ಏಣಿ ಹತ್ತಿ.