ಹೃದಯದ ಕಿರಿದಾದ ನಾಳ: ಅಳೆಯಬೇಕಾದುದು ಹರಿವನ್ನು

ಯಡಿಯೂರು, ಜಯನಗರ, ಬನಶಂಕರಿ ಭಾಗದ ಸದ್ಭಕ್ತರಿಗೆ ಬನ್ನೇರುಘಟ್ಟ ರಸ್ತೆಯ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಚಿರಪರಿಚಿತ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಅಗಲಿದ ಬಳಿಕ, ತಪಾಸಣೆಗಾಗಿ ಜನರು ಅಲ್ಲಿಗೆ ಮುಗಿಬಿದ್ದುದನ್ನು ನಾವೆಲ್ಲ ಬಲ್ಲೆವು. ಆ ಭಯ ಸಹಜವೇ. ಆದರೆ ಹೀಗೆ ಭಯಗೊಂಡವರಿಗೆ ‘ನಾಳದಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಲಾಕ್ ಇದೆ’ ಎಂಬ ಮಾತೊಂದು ಕಿವಿಗೆ ಬಿದ್ದರೆ ಸಾಕು, ಸಾಲ ಮಾಡಿಯಾದರೂ ಸ್ಟೆಂಟ್ ಹಾಕಿಸಲು ಮನೆಯವರು ಮುಂದಾಗುತ್ತಾರೆ. ಆ ಕಿರಿದಾದ ಭಾಗದಿಂದ ರಕ್ತದ ಹರಿವು ನಿಜವಾಗಿ ಕುಂದಿದೆಯೇ ಎಂಬ ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ.

ಕೆರೆಯ ತೂಬು ತುಸು ಕಿರಿದಾದ ಮಾತ್ರಕ್ಕೆ ಗದ್ದೆ ಒಣಗದು. ಹೃದಯದ ವಿಷಯವೂ ಹಾಗೆಯೇ. ಇದನ್ನು ಅರಿಯಲು ವೈದ್ಯರು ಕೈ ಅಥವಾ ತೊಡೆಯ ರಕ್ತನಾಳದ ಮೂಲಕ ತೆಳುವಾದ ತಂತಿಯನ್ನು ಹೃದಯದ ನಾಳದೊಳಗೆ ಸಾಗಿಸಿ, ತಡೆಯ ಮೊದಲಿನ ಹಾಗೂ ಆಚೆಗಿನ ಒತ್ತಡವನ್ನು ಹೋಲಿಸುತ್ತಾರೆ. ಈ ಅನುಪಾತವೇ ಎಫ್‌ಎಫ್‌ಆರ್. ಅದು 1ರ ಸಮೀಪವಿದ್ದರೆ ಹರಿವು ಸರಾಗ; 0.80 ಅಥವಾ ಅದಕ್ಕಿಂತ ಕಡಿಮೆಯಾದರೆ ಹರಿವು ಕುಂದಿದೆಯೆಂದು ಅರ್ಥ. 2009ರಲ್ಲಿ ಪ್ರಕಟವಾದ, 1,005 ರೋಗಿಗಳನ್ನು ಒಳಗೊಂಡ ‘ಫೇಮ್’ ಅಧ್ಯಯನದಲ್ಲಿ, ಹೀಗೆ ಅಳೆದು ಚಿಕಿತ್ಸೆ ಪಡೆದವರಿಗೆ ಸ್ಟೆಂಟ್‌ಗಳೂ ಕಡಿಮೆ ಬೇಕಾದವು; ಒಂದು ವರ್ಷದೊಳಗೆ ಸಾವು, ಹೃದಯಾಘಾತ, ಮರುಚಿಕಿತ್ಸೆಗಳ ಒಟ್ಟು ಪ್ರಮಾಣವೂ ಶೇ. 18.3ಕ್ಕೆ ಬದಲಾಗಿ ಶೇ. 13.2 ಆಗಿತ್ತು.

ತಂತಿಯನ್ನು ಒಳಗೆ ಸಾಗಿಸದೆಯೇ ಈ ಅನುಪಾತವನ್ನು ಲೆಕ್ಕಹಾಕುವ ವಿಧಾನವೀಗ ಬಂದಿದೆ. ಸಿ.ಟಿ. ಆಂಜಿಯೋಗ್ರಾಂ ಚಿತ್ರಗಳಿಂದ ರೋಗಿಯ ಹೃದಯನಾಳಗಳ ಮೂರು ಆಯಾಮದ ಮಾದರಿಯನ್ನು ಕಂಪ್ಯೂಟರ್ ರೂಪಿಸುತ್ತದೆ. ಬಳಿಕ, ದ್ರವಗಳ ಚಲನೆಗೆ 19ನೆಯ ಶತಮಾನದಲ್ಲಿ ನೇವಿಯರ್ ಮತ್ತು ಸ್ಟೋಕ್ಸ್ ಬರೆದ ಸಮೀಕರಣಗಳನ್ನು ಬಿಡಿಸಿ, ಹೃದಯ ಹೆಚ್ಚು ದುಡಿಯುವಾಗ ನಾಳದ ಯಾವ ಭಾಗದಲ್ಲಿ ಒತ್ತಡ ಎಷ್ಟು ಇಳಿಯುವುದೆಂದು ತೋರಿಸುತ್ತದೆ. ಹಾರ್ಟ್‌ಫ್ಲೋ ಎಂಬ ಸಂಸ್ಥೆಯ ಇಂತಹ ವಿಧಾನಕ್ಕೆ ಅಮೆರಿಕದ ಎಫ್‌ಡಿಎ 2014ರಲ್ಲಿ ಅನುಮತಿ ನೀಡಿತು. 2017ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಅದರ ಬಳಕೆಯನ್ನು ಬೆಂಬಲಿಸಿತು.

ಇದಕ್ಕೆ ಮಿತಿಗಳೂ ಉಂಟು. ಸಿ.ಟಿ.ಗೆ ಎಕ್ಸ್‌ರೇ ಕಿರಣವೂ ಬಣ್ಣದ ಔಷಧಿಯೂ ಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ಎಚ್ಚರ ವಹಿಸಬೇಕು. ನಾಳದಲ್ಲಿ ಸುಣ್ಣದಂಶ ಬಹಳ ಕಟ್ಟಿದ್ದರೆ ಚಿತ್ರ ಮಸುಕಾಗಿ ಲೆಕ್ಕವೂ ತಪ್ಪಬಹುದು. ಮುಖ್ಯವಾಗಿ, ಎದೆ ಬಿಗಿದು, ಬೆವರಿ, ಉಸಿರು ಕಟ್ಟುತ್ತಿರುವಾಗ ಇಂತಹ ಲೆಕ್ಕಕ್ಕೆ ಕಾಯಬಾರದು. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಈ ವಿಧಾನವಿರುವುದು ಸ್ಥಿರವಾದ ಎದೆನೋವಿನವರಿಗೆ.

ಕೇಂದ್ರ ಸರ್ಕಾರವು 2017ರಲ್ಲಿ ಸ್ಟೆಂಟ್ ಬೆಲೆಗೆ ಮಿತಿ ಹಾಕಿದ್ದು ಸ್ವಾಗತಾರ್ಹ ಕ್ರಮ. ಆದರೆ ಬೇಡದ ಸ್ಟೆಂಟ್ ಎಷ್ಟು ಅಗ್ಗವಾದರೂ ದುಬಾರಿಯೇ. ಹೃದಯವನ್ನು ಬಲ್ಲ ಜಯದೇವ ಸಂಸ್ಥೆಯೂ, ಗಣಿತವನ್ನು ಬಲ್ಲ, ಪರಮ್ ಪ್ರವೇಗದಂತಹ ಸೂಪರ್ ಕಂಪ್ಯೂಟರ್ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದೇ ನಗರದಲ್ಲಿವೆ. ಇಂತಹ ಪರೀಕ್ಷೆಯನ್ನು ನಮ್ಮ ಜನರಲ್ಲಿ ಒರೆಗೆ ಹಚ್ಚಿ, ಬಡವರಿಗೂ ಎಟುಕುವ ದರದಲ್ಲಿ ಸಾರ್ವಜನಿಕ ಆಸ್ಪತ್ರೆಗಳಿಗೆ ತರಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ, ತುರ್ತಲ್ಲದ ಸಂದರ್ಭದಲ್ಲಿ ಸ್ಟೆಂಟ್‌ಗೆ ಒಪ್ಪುವ ಮುನ್ನ ಭಕ್ತಾದಿಗಳು ವೈದ್ಯರನ್ನು ವಿನಯದಿಂದ ಕೇಳಲಿ: ‘ಹರಿವನ್ನು ಅಳೆದು ನೋಡಿದ್ದೀರಾ?’ ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಿಸಲಾರರು.