ಬ್ಯಾಟರಿಯ ಪೆಟ್ಟಿಗೆಯೂ ಗಿಟಾರಿನ ನಾದವೂ

ಗಿಟಾರ್ ವಾದ್ಯವನ್ನು ಅಭ್ಯಸಿಸುವ ತರುಣರು ಈಚೆಗೆ ವಾದ್ಯದೊಡನೆ ಇನ್ನೊಂದು ವಸ್ತುವನ್ನೂ ಅವಶ್ಯವೆಂದು ಎಣಿಸತೊಡಗಿದ್ದಾರೆ. ಅದು ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿದೊಯ್ಯಬಹುದಾದ ಸಣ್ಣ ಧ್ವನಿವರ್ಧಕ. ಒಂದು ಕೈಯಲ್ಲಿ ವಾದ್ಯ, ಇನ್ನೊಂದು ಕೈಯಲ್ಲಿ ಈ ಪೆಟ್ಟಿಗೆ, ಇಷ್ಟಿದ್ದರೆ ಉದ್ಯಾನವಾಗಲಿ, ಬೀದಿಯ ತಿರುವಾಗಲಿ, ಮನೆಯ ಮಹಡಿಯಾಗಲಿ ಕ್ಷಣಮಾತ್ರದಲ್ಲಿ ಸಂಗೀತಸಭೆಯಾಗಿ ಪರಿಣಮಿಸುವುದು. ಕರೆಂಟಿನ ಹಂಗಿಲ್ಲ, ತಂತಿ ಎಳೆಯುವ ತೊಂದರೆಯಿಲ್ಲ, ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಇದನ್ನು ಸಂಗೀತಕ್ಕೆ ದೊರೆತ ಸ್ವಾತಂತ್ರ್ಯವೆಂದೇ ಇದರ ಪ್ರಶಂಸಕರು ಸಾರುತ್ತಿದ್ದಾರೆ. ಆದರೆ ಈ ಸ್ವಾತಂತ್ರ್ಯದ ಭಾರವನ್ನು ಹೊರುವವರು ಯಾರು ಎಂಬ ವಿಚಾರವನ್ನು ಮಾತ್ರ ಅವರು ಎತ್ತುವುದಿಲ್ಲ. ವಿದ್ಯಾವಂತ ಕುಟುಂಬಗಳಲ್ಲಿ ತಂದೆತಾಯಿಗಳು ಮಕ್ಕಳಿಗೆ ಹುಟ್ಟುಹಬ್ಬಕ್ಕೋ ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೋ ಈ ಯಂತ್ರವನ್ನು ಕೊಂಡುಕೊಡುತ್ತಿರುವ ಕಾಲದಲ್ಲಿ ಆ ವಿಚಾರವನ್ನು ಎತ್ತಲೇಬೇಕಾಗಿದೆ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುವುದು ನ್ಯಾಯ. ಪೆಟ್ಟಿಗೆಯ ಪಕ್ಷದವರು ನಾಲ್ಕು ಹೇತುಗಳನ್ನು ಕೊಡುವರು. ಗಿಟಾರ್ ಸ್ವಭಾವತಃ ಮಂದಧ್ವನಿಯ ವಾದ್ಯವಾದುದರಿಂದ ಅದಕ್ಕೆ ಸಹಾಯ ಬೇಕು ಎಂಬುದು ಮೊದಲನೆಯದು. ಬೀದಿಯಲ್ಲಿ ನುಡಿಸಿ ಹೊಟ್ಟೆ ಹೊರೆಯುವ ಬಡ ವಾದಕನಿಗೆ ಇದು ಜೀವನಾಧಾರ ಎಂಬುದು ಎರಡನೆಯದು. ಕಲಿಯುವವನಿಗೆ ಇದರಿಂದ ಧೈರ್ಯವೂ ಉತ್ಸಾಹವೂ ಬರುವುವು ಎಂಬುದು ಮೂರನೆಯದು. ಮಹಾವಿದ್ವಾಂಸರೇ ವೇದಿಕೆಯ ಮೇಲೆ ಧ್ವನಿವರ್ಧಕವನ್ನು ಅಂಗೀಕರಿಸಿರುವಾಗ ಉಳಿದವರು ಅದನ್ನು ದೂಷಿಸುವುದು ಹಳೆಯ ಕಾಲದವರ ಹಠ ಎಂಬುದು ನಾಲ್ಕನೆಯದು.

ಮೊದಲನೆಯ ಹೇತುವಿನಲ್ಲಿ ಸತ್ಯಾಂಶ ಬಹಳವಿದೆ. ಗಿಟಾರಿನ ಚರಿತ್ರೆಯನ್ನು ನೋಡಿದರೆ ದನಿಯನ್ನು ಹೆಚ್ಚಿಸಬೇಕೆಂಬ ಬಯಕೆಯು ಈ ಪೆಟ್ಟಿಗೆಗಿಂತ ಬಹಳ ಹಳೆಯದೆಂದು ತಿಳಿದುಬರುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನ್ ದೇಶದ ವಾದ್ಯಶಿಲ್ಪಿ ಆಂಟೋನಿಯೊ ಡಿ ಟೋರೆಸ್ (1817–1892) ವಾದ್ಯದ ಒಡಲನ್ನು ದೊಡ್ಡದು ಮಾಡಿ, ಮೇಲುಹಲಗೆಯನ್ನು ತೆಳುವಾಗಿಸಿ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಪಟ್ಟಿಗಳನ್ನು ಅಂಟಿಸಿ, ಇಂದಿನ ಗಿಟಾರಿಗೆ ರೂಪ ಕೊಟ್ಟನು. ಅಮೆರಿಕದ ಮಾರ್ಟಿನ್ ಸಂಸ್ಥೆಯವರು 1916ರಲ್ಲಿ ಇನ್ನೂ ದೊಡ್ಡ ಒಡಲಿನ ಗಿಟಾರನ್ನು ನಿರ್ಮಿಸಿದರು. ಅದಕ್ಕೆ ಬಂದ ಹೆಸರು ಡ್ರೆಡ್‌ನಾಟ್, ಅಂದರೆ ಬ್ರಿಟಿಷರ ಪ್ರಸಿದ್ಧ ಯುದ್ಧನೌಕೆಯ ಹೆಸರು. 1927ರಲ್ಲಿ ಜಾನ್ ಡೋಪ್ಯೆರಾ ಎಂಬಾತನು ಲೋಹದ ಒಡಲಿನೊಳಗೆ ತೆಳುವಾದ ಅಲ್ಯೂಮಿನಿಯಂ ಶಂಕುಗಳನ್ನಿಟ್ಟು ವಿದ್ಯುತ್ತಿಲ್ಲದೆಯೇ ದನಿಯನ್ನು ಏರಿಸಿದನು. 1932ರಲ್ಲಿ ಮಾರಾಟಕ್ಕೆ ಬಂದ, ಬಾಣಲೆಯಾಕಾರದ ವಿದ್ಯುತ್ ಗಿಟಾರು ತಂತಿಯ ಕಂಪನವನ್ನು ಅಯಸ್ಕಾಂತದಿಂದ ಹಿಡಿದು ಧ್ವನಿವರ್ಧಕಕ್ಕೆ ಒಪ್ಪಿಸಿತು. ವಾದ್ಯಕ್ಕೆ ಯುದ್ಧನೌಕೆಯ ಹೆಸರು ಸಲ್ಲುವ ಕಾಲದ ಮನೋಧರ್ಮವನ್ನು ವಾಚಕರೇ ಊಹಿಸಬಹುದು. ಆದರೂ ಈ ಪ್ರಯತ್ನಗಳನ್ನು ದೂಷಿಸಬೇಕಾದುದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ನಾದ ಮುಟ್ಟಬೇಕೆಂಬುದು ಸಾಧುವಾದ ಆಸೆಯೇ ಸರಿ.

ಹೀಗಿದ್ದರೂ ವಿದ್ಯುತ್ತಿನ ಧ್ವನಿವರ್ಧಕಕ್ಕೆ ಬಹುಕಾಲ ಒಂದು ಕಟ್ಟು ಇದ್ದಿತು. ಗೋಡೆಯಿಂದ ಹೊರಟ ತಂತಿಯೇ ಆ ಕಟ್ಟು. ತಂತಿ ಎಷ್ಟು ಉದ್ದವೋ ಯಂತ್ರದ ಸಂಚಾರವೂ ಅಷ್ಟೇ. ಗೋಡೆಯಿದ್ದಲ್ಲಿ ಮನೆಯ ಯಜಮಾನನೋ ಸಭೆಯ ಕಾರ್ಯದರ್ಶಿಯೋ ಇದ್ದೇ ಇರುತ್ತಿದ್ದನು; ಸದ್ದು ಹೆಚ್ಚಾಯಿತು, ತಗ್ಗಿಸಿ ಎಂದು ಹೇಳುವ ಅಧಿಕಾರ ಅವನಿಗಿದ್ದಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಭಾರವಾದ, ಬಿಸಿಯೇರುವ ಗಾಜಿನ ವಾಲ್ವುಗಳ ಸ್ಥಾನವನ್ನು ಅದು ಕ್ರಮೇಣ ಆಕ್ರಮಿಸಿದ ಮೇಲೆ ಸಣ್ಣ ಸೆಲ್ಲುಗಳಿಂದಲೇ ಧ್ವನಿವರ್ಧಕವನ್ನು ನಡೆಸುವುದು ಸುಲಭವಾಯಿತು. 1973ರಲ್ಲಿ ಆರು ಸೆಲ್ಲುಗಳಿಂದ ನಡೆಯುವ 5 ವಾಟಿನ ಪಿಗ್‌ನೋಸ್ ಪೆಟ್ಟಿಗೆ ಬಂದಿತು. ಅದರ ಗುಂಡಿಯು ಹಂದಿಯ ಮೂತಿಯಂತಿದ್ದುದರಿಂದ ಈ ಹೆಸರು. ಬಳಿಕ ಮರದ ಗಿಟಾರಿಗೆಂದೇ ರಚಿತವಾದ ರೋಲ್ಯಾಂಡ್ ಎಸಿ-33 ಎಂಬುದು ಎಂಟು ಸೆಲ್ಲುಗಳಿಂದ 20 ವಾಟ್ ಕೊಡತೊಡಗಿತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಯೂ, ಶಕ್ತಿಯನ್ನು ಶಾಖವಾಗಿ ಕಳೆಯದೆ ಮಿತವಾಗಿ ಬಳಸುವ ಹೊಸ ಬಗೆಯ ಮಂಡಲಗಳೂ ಸೇರಿ, ಇಂದು 50–60 ವಾಟಿನ ಪೆಟ್ಟಿಗೆಯನ್ನು ಹುಡುಗನೊಬ್ಬನು ಕೈಯಲ್ಲಿ ತೂಗಿಕೊಂಡು ಹೋಗುವಂತಾಗಿದೆ.

ವಿಷಯದ ತಿರುಳು ಇಲ್ಲಿದೆ. ತಂತಿಯು ಕಡಿದಾಗ ಅದರೊಡನೆ ಹೊರಗಿನ ಅಂಕೆಯೂ ಕಡಿದುಹೋಯಿತು. ಹೊರಗಿನ ಅಂಕೆ ಹೋದಲ್ಲಿ ಒಳಗಿನ ಅಂಕೆ ಹುಟ್ಟಬೇಕಾಗಿದ್ದಿತು, ಅದು ಹುಟ್ಟಿಲ್ಲ. ಆದುದರಿಂದ ಈ ಯಂತ್ರದ ಅಧಿಕಾರವೆಷ್ಟು ಎಂಬುದನ್ನು ಗೊತ್ತುಪಡಿಸಿಕೊಳ್ಳುವುದು ಅವಶ್ಯ. ವಾದಕನಿಗೂ ಕೇಳುವವನಿಗೂ ನಡುವೆ ಬರತಕ್ಕ ಅಡ್ಡಿಗಳು ಎರಡು: ಒಂದು ದೂರ, ಇನ್ನೊಂದು ಗದ್ದಲ. ದೂರವನ್ನು ದಾಟಿಸುವುದು ಧ್ವನಿವರ್ಧಕಕ್ಕೆ ಸಲ್ಲುವ ಕೆಲಸ. ಗದ್ದಲವನ್ನು ಗೆಲ್ಲುವುದು ಅದಕ್ಕೆ ಸಲ್ಲದು. ಗೆಲ್ಲಹೊರಟರೆ ಅದು ತಾನೇ ಗದ್ದಲವಾಗುವುದು.

ಇದಕ್ಕೆ ಪ್ರಮಾಣವು ಧ್ವನಿಶಾಸ್ತ್ರದಲ್ಲಿಯೇ ಇದೆ. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಶಬ್ದದ ಮಟ್ಟವು ಸುಮಾರು 6 ಡೆಸಿಬೆಲ್ ಇಳಿಯುವುದು. ಈ ನಷ್ಟವನ್ನು ಒಂದೆರಡು ಸಲ ತುಂಬಿಕೊಡಲು ಸಣ್ಣ ಪೆಟ್ಟಿಗೆಯೇ ಸಾಕು. ಗದ್ದಲದೊಡನೆ ಸ್ಪರ್ಧಿಸುವ ಮಾತು ಹಾಗಲ್ಲ. ಶಬ್ದವು ಕಿವಿಗೆ ಎರಡರಷ್ಟಾಗಿ ತೋರಬೇಕಾದರೆ ಶಕ್ತಿಯನ್ನು ಸುಮಾರು ಹತ್ತರಷ್ಟು ಮಾಡಬೇಕು. 5 ವಾಟಿನ ಪೆಟ್ಟಿಗೆಯನ್ನು ಬಿಟ್ಟು 50 ವಾಟಿನದನ್ನು ಕೊಂಡವನು ಹತ್ತರಷ್ಟು ಪಡೆದೆನೆಂದು ಹಿಗ್ಗುವನು. ಉಳಿದುದೆಲ್ಲ ಸಮವಾಗಿದ್ದರೆ ಕಿವಿಗೆ ಸಿಕ್ಕುವುದು ಎರಡರಷ್ಟು ಮಾತ್ರ. ಇಷ್ಟಾಗಿ ಎದುರಿನವರು ಸುಮ್ಮನಿರುವರೆ? ಸುತ್ತಲೂ ಸದ್ದು ಹೆಚ್ಚಿದಾಗ ಮನುಷ್ಯನು ತನಗರಿವಿಲ್ಲದೆಯೇ ತನ್ನ ದನಿಯನ್ನು ಏರಿಸುವನೆಂಬ ಸಂಗತಿಯನ್ನು ಫ್ರಾನ್ಸಿನ ಕಿವಿಯ ವೈದ್ಯನಾದ ಎಟಿಯೆನ್ ಲೊಂಬಾರ್ 1911ರಲ್ಲಿಯೇ ಪ್ರಕಟಿಸಿದ್ದಾನೆ. ಆರತಕ್ಷತೆಯ ಛತ್ರವೊಂದರಲ್ಲಿ ಇದನ್ನು ಪ್ರತ್ಯಕ್ಷವಾಗಿ ನೋಡಬಹುದು. ನೆಂಟರು ಮಾತನಾಡುತ್ತಿರುವರು; ವಾದಕನು ಗುಂಡಿಯನ್ನು ಒಂದು ಸುತ್ತು ತಿರುಗಿಸುವನು; ನೆಂಟರು ಇನ್ನೂ ಗಟ್ಟಿಯಾಗಿ ಮಾತನಾಡುವರು; ವಾದಕನು ಮತ್ತೊಂದು ಸುತ್ತು ತಿರುಗಿಸುವನು. ಕೊನೆಗೆ ಊಟಕ್ಕೆ ಕರೆಯುವವನು ಕೈಸನ್ನೆ ಮಾಡಬೇಕಾಗುವುದು. ಸಂಗೀತವನ್ನು ಯಾರೂ ಕೇಳಲಿಲ್ಲ. ಮಾತೂ ಯಾರಿಗೂ ಕೇಳಲಿಲ್ಲ.

ಇನ್ನು ಎರಡನೆಯ ಹೇತು. ಬೀದಿಯ ವಾದಕನ ಹೊಟ್ಟೆಯ ಪ್ರಶ್ನೆ ಹಗುರವಾದುದಲ್ಲ. ಅವನನ್ನು ಹೀಗಳೆಯುವುದು ಉಂಡವನ ಲಕ್ಷಣ. ಬಂಡಿಗಳು ಓಡಾಡುವ ಬೀದಿಯಲ್ಲಿ ಹತ್ತಡಿ ದೂರದವರಿಗೆ ಕೇಳಿಸುವಷ್ಟು ಸಹಾಯವನ್ನು ಅವನು ಯಂತ್ರದಿಂದ ಪಡೆದರೆ ತಪ್ಪಿಲ್ಲ. ಆದರೆ ಮಿತಿ ಮೀರಿದರೆ ಮೊದಲು ಕೆಡುವುದು ಅವನ ಜೀವನವೇ. ಇದಕ್ಕೆ ಲಂಡನ್ ನಗರದ ಲೆಸ್ಟರ್ ಚೌಕವೇ ಸಾಕ್ಷಿ. ಬೀದಿಯ ಗಾಯಕವಾದಕರಿಗೆ ಹೆಸರಾದ ಆ ಚೌಕದಲ್ಲಿ ಧ್ವನಿವರ್ಧಕಗಳ ಹಾವಳಿಯನ್ನು ತಾಳಲಾರದೆ ನೆರೆಯ ಬಾನುಲಿ ಸಂಸ್ಥೆಯೊಂದು ನ್ಯಾಯಾಲಯಕ್ಕೆ ಹೋಯಿತು. 2025ರ ಮಾರ್ಚಿನಲ್ಲಿ ನ್ಯಾಯಾಧೀಶರು ಅದನ್ನು ಸಾರ್ವಜನಿಕ ಉಪದ್ರವವೆಂದು ತೀರ್ಮಾನಿಸಿದರು. ಸದ್ದಿನ ಪ್ರಮಾಣವೇ ಮುಖ್ಯ ದೋಷವೆಂದೂ, ಅದೇ ಹಾಡುಗಳನ್ನು ಮತ್ತೆ ಮತ್ತೆ ಹಾಡುವುದು ಅದನ್ನು ಹೆಚ್ಚಿಸಿತೆಂದೂ ಅವರ ಅಭಿಪ್ರಾಯ. ಮನಸ್ಸನ್ನು ಹಿಂಸಿಸುವ ಉಪಾಯಗಳಿಗೆ ಅದನ್ನು ಹೋಲಿಸುವಷ್ಟು ದೂರ ಅವರು ಹೋದರು. ವೆಸ್ಟ್‌ಮಿನ್‌ಸ್ಟರ್ ನಗರಸಭೆಯವರು 2025ರ ಏಪ್ರಿಲ್ 17ರಿಂದ ಆ ಚೌಕದಲ್ಲಿ ಬೀದಿವಾದನವನ್ನೇ ನಿಲ್ಲಿಸಿದರು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದವರೊಡನೆ ಮೆಲುದನಿಯವರೂ ಜಾಗ ಕಳೆದುಕೊಂಡರು. ಹೀಗೆ ಬಡವನ ಅನ್ನಕ್ಕೆ ಕಲ್ಲು ಹಾಕಿದುದು ಧ್ವನಿವರ್ಧಕದ ವಿರೋಧಿಗಳಲ್ಲ, ಅದರ ಅತಿಭಕ್ತರು.

ಮೂರನೆಯ ಹೇತುವು ಮಕ್ಕಳ ವಿದ್ಯೆಗೆ ಸಂಬಂಧಿಸಿದುದರಿಂದ ಅದನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು. ಮರದ ಗಿಟಾರಿನಲ್ಲಿ ನಾದವು ಹುಟ್ಟುವುದು ತಂತಿ, ಕುದುರೆ, ಮೇಲುಹಲಗೆ, ಒಡಲೊಳಗಿನ ಗಾಳಿ ಇವೆಲ್ಲವುಗಳ ಕೂಟದಿಂದ. ಬಲಗೈಯ ಬೆರಳು ಕುದುರೆಯ ಸಮೀಪದಲ್ಲಿ ಮೀಟಿದರೆ ನಾದವು ಹರಿತವಾಗಿರುವುದು. ನಾದರಂಧ್ರದ ಮೇಲೆ ಮೀಟಿದರೆ ಮೃದುವಾಗುವುದು. ಉಗುರಿನ ಓರೆ, ಬೆರಳ ತುದಿಯ ಮಾಂಸ, ಮೀಟಿದ ಬೆರಳು ಪಕ್ಕದ ತಂತಿಯ ಮೇಲೆ ಒರಗುವುದೇ ಅಥವಾ ಗಾಳಿಯಲ್ಲಿ ತೇಲುವುದೇ ಎಂಬುದು, ಇವುಗಳಿಂದ ಒಂದೇ ಸ್ವರಕ್ಕೆ ಹತ್ತು ಬಣ್ಣಗಳು ಬರುವುವು. ಸಾಧಕನ ಮೊದಲ ವರ್ಷಗಳು ಇದನ್ನು ಸಂಪಾದಿಸುವುದಕ್ಕಾಗಿಯೇ ಇರುವುವು. ಪೆಟ್ಟಿಗೆಯೊಡನೆ ಸಾಮಾನ್ಯವಾಗಿ ಬಳಸುವ ಪಿಕಪ್ಪಾದರೋ ಕುದುರೆಯ ಎಲುಬಿನ ಪಟ್ಟಿಯ ಅಡಿಯಲ್ಲಿ ಅಡಗಿರುವ ಒಂದು ಸ್ಫಟಿಕಜಾತಿಯ ಎಳೆ. ಒತ್ತಡದಿಂದ ಸ್ಫಟಿಕದಲ್ಲಿ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ತತ್ತ್ವವೇ ಅದಕ್ಕೆ ಆಧಾರ. ಅದು ಕುದುರೆಯ ಒತ್ತಡವನ್ನು ಹಿಡಿಯುವುದೇ ಹೊರತು ಒಡಲಿನ ಗಾಳಿಯನ್ನು ಹಿಡಿಯಲಾರದು. ಅದರಿಂದಲೇ ಬಿರುಸಾಗಿ ಮೀಟಿದಾಗ ಪೆಟ್ಟಿಗೆಯಿಂದ ಬಾತುಕೋಳಿಯ ಕೂಗಿನಂತಹ ಒರಟುದನಿ ಹೊರಡುವುದು. ಇನ್ನೂ ಹೆಚ್ಚಿಸಿದರೆ ಪೆಟ್ಟಿಗೆಯ ಸದ್ದು ವಾದ್ಯದ ಹಲಗೆಯನ್ನು ಅಲುಗಿಸಿ, ಆ ಅಲುಗಾಟ ಪುನಃ ಪೆಟ್ಟಿಗೆಯನ್ನು ಸೇರಿ, ಸುತ್ತು ಸುತ್ತಾಗಿ ಬೆಳೆದು ಊಳಿಡುವುದು. ಡೇನಿಷ್ ವಿಜ್ಞಾನಿ ಸೋರೆನ್ ಲಾರ್ಸೆನ್ (1871–1957) ಎಂಬವನ ಹೆಸರಿನಿಂದ ಕರೆಯುವ ಈ ದೋಷವನ್ನು ತಡೆಯಲು ನಾದರಂಧ್ರಕ್ಕೇ ರಬ್ಬರಿನ ಬಿರಡೆ ಹಾಕುವ ಪದ್ಧತಿಯೂ ಇದೆ. ನಾದವನ್ನು ಹೆಚ್ಚಿಸಲೆಂದು ನಾದದ ಬಾಯನ್ನೇ ಮುಚ್ಚುವ ಈ ಉಪಾಯಕ್ಕಿಂತ ಬೇರೆ ಖಂಡನೆ ಬೇಕೆ?

ಹೀಗಿರಲಾಗಿ, ಬೆರಳು ಇನ್ನೂ ಪಳಗದ ಬಾಲಕನ ಮುಂದೆ ಈ ಯಂತ್ರವನ್ನಿಟ್ಟರೆ ಬೆರಳು ಮಾಡಬೇಕಾದುದನ್ನು ಗುಂಡಿಯು ಮಾಡುವುದೆಂದು ಅವನು ನಂಬುವನು. ದುರ್ಬಲವಾದ ಮೀಟು ದೊಡ್ಡದಾಗಿ ಕೇಳಿಸಿದ ಮಾತ್ರಕ್ಕೆ ಸಬಲವಾಗುವುದಿಲ್ಲ; ಅದರ ದೌರ್ಬಲ್ಯವೂ ದೊಡ್ಡದಾಗುವುದು. ಅವನಿಗೆ ಬಂದ ಧೈರ್ಯವು ಸಾಲದ ಧೈರ್ಯ. ಬ್ಯಾಟರಿ ಮುಗಿದ ದಿನ ಅದೂ ಮುಗಿಯುವುದು.

ನಾಲ್ಕನೆಯ ಹೇತುವಿಗೆ ಉತ್ತರವು ಆ ಮಹಾವಿದ್ವಾಂಸರ ನಡತೆಯಲ್ಲಿಯೇ ಇದೆ. ಸ್ಪೇನಿನ ಆಂಡ್ರೆಸ್ ಸೆಗೋವಿಯ (1893–1987) ಗಿಟಾರನ್ನು ಜಗತ್ತಿನ ದೊಡ್ಡ ಸಭಾಭವನಗಳಿಗೆ ಒಯ್ದವರು. ಧ್ವನಿವರ್ಧಕವನ್ನು ಅವರು ಒಪ್ಪಲಿಲ್ಲ. ಅವರಲ್ಲಿ ಪಾಠ ಕಂಡ, 1941ರಲ್ಲಿ ಆಸ್ಟ್ರೇಲಿಯದಲ್ಲಿ ಜನಿಸಿದ ಜಾನ್ ವಿಲಿಯಮ್ಸ್ ದೊಡ್ಡ ಸಭೆಗಳಲ್ಲಿ ಅದನ್ನು ಸಂಕೋಚವಿಲ್ಲದೆ ಬಳಸಿದವರು. ಗುರುಶಿಷ್ಯರಲ್ಲಿ ಯಾರು ಸರಿ ಎಂದು ವಾದಿಸುವವರು ಇಬ್ಬರಿಗೂ ಸಮಾನವಾದುದನ್ನು ಮರೆಯುತ್ತಾರೆ. ಇಬ್ಬರ ಎದುರಿಗೂ ಕುಳಿತ ಸಭೆ ಮೌನವಾಗಿದ್ದಿತು. ವಿಲಿಯಮ್ಸರ ಯಂತ್ರವು ಕೊನೆಯ ಸಾಲಿನವರೆಗಿನ ದೂರವನ್ನು ದಾಟಿಸಿತು. ಯಾರ ಮಾತನ್ನೂ ಅಡಗಿಸಲು ಅದು ಬಂದುದಲ್ಲ. ಆದುದರಿಂದ ಅವರ ಉದಾಹರಣೆಯು ಮೇಲೆ ಹೇಳಿದ ಸಿದ್ಧಾಂತಕ್ಕೆ ಬಾಧಕವಾಗದೆ ಸಾಧಕವೇ ಆಗಿದೆ.

ಕನ್ನಡನಾಡಿನ ಮನೆಗಳಿಗೆ ಈ ವಿವೇಕವು ಹೊರಗಿನಿಂದ ಬರಬೇಕಾದುದಲ್ಲ. ವೀಣೆಯೂ ಗಿಟಾರಿನಂತೆಯೇ ಮೆಲುದನಿಯ ತಂತೀವಾದ್ಯ. ಮೈಸೂರಿನ ವೀಣೆ ಶೇಷಣ್ಣನವರು (1852–1926) ಕೀರ್ತಿ ಗಳಿಸಿದುದು ಪೆಟ್ಟಿಗೆಯ ಬಲದಿಂದಲ್ಲ. ಅವರ ಕಾಲದ ರಸಿಕರು ವಾದ್ಯದ ಬಳಿಗೆ ಸರಿದು ಕುಳಿತು ಉಸಿರು ತಗ್ಗಿಸಿ ಕೇಳಿದರು. ಇಂದು ವೀಣೆಗೂ ಪಿಕಪ್ಪು ಬಂದಿದೆ. ದೊಡ್ಡ ಸಭೆಗೆ ಅದು ಬೇಕಾಗಬಹುದು. ಹತ್ತು ಜನರ ನಡುಮನೆಗೆ ಅದು ಬೇಕೆ?

ಇದಲ್ಲದೆ ನೆರೆಮನೆಯೆಂಬುದೊಂದಿದೆ. ಗಿಟಾರು ಕೇಳಬೇಕೆಂದು ಬಯಸದ ವೃದ್ಧರು, ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ಅಲ್ಲಿರುವರು. ಭಾರತ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮಿತಿಯನ್ನು ಹಾಕಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು, ನಿಯಮದಲ್ಲಿಯೇ ಹೇಳಿರುವ ವಿಶೇಷ ಸಂದರ್ಭಗಳ ಹೊರತು, ನಿಷೇಧಿಸಿವೆ. ಯಂತ್ರವು ಗೋಡೆಯ ಕರೆಂಟಿನಿಂದ ನಡೆಯುವುದೋ ಬ್ಯಾಟರಿಯಿಂದ ನಡೆಯುವುದೋ ಎಂಬ ಭೇದವನ್ನು ನಿಯಮವು ಎಣಿಸುವುದಿಲ್ಲ. ಚಿಕ್ಕದೆಂಬ ಕಾರಣದಿಂದ ತಮ್ಮ ಪೆಟ್ಟಿಗೆಗೆ ವಿನಾಯಿತಿ ಉಂಟೆಂದು ಭಾವಿಸುವವರು ಇದನ್ನು ಅರಿತಿರುವುದು ಮೇಲು. ಆದರೆ ನೆರೆಯವನು ಪೊಲೀಸರನ್ನು ಕರೆಯುವವರೆಗೆ ಕಾಯುವುದು ಸಂಗೀತವನ್ನು ಕಲಿತವರ ಮರ್ಯಾದೆಗೆ ತಕ್ಕುದಲ್ಲ.

ಆದುದರಿಂದ ಕೊಳ್ಳುವವರು ಮೂರು ನಿಯಮಗಳನ್ನು ಇಟ್ಟುಕೊಳ್ಳತಕ್ಕದ್ದು. ಕಲಿಯುವವನು ಮರದ ನಾದವನ್ನು ತನ್ನ ಬೆರಳಿನಿಂದಲೇ ತುಂಬಿಸಲು ಬಲ್ಲವನಾಗುವವರೆಗೆ ಪೆಟ್ಟಿಗೆ ಮನೆಗೆ ಬರಕೂಡದು. ಬಂದ ಮೇಲೆ, ಕೇಳುವವರು ದೂರದಲ್ಲಿದ್ದರೆ ಗುಂಡಿಯನ್ನು ತಿರುಗಿಸತಕ್ಕದ್ದು. ಅವರು ಮಾತನಾಡುತ್ತಿದ್ದರೆ ತಿರುಗಿಸಕೂಡದು. ಪೆಟ್ಟಿಗೆಯ ಸದ್ದು ಕೇಳಬಯಸದವನ ಬಾಗಿಲನ್ನು ದಾಟಿದ ಕ್ಷಣವೇ ಅದನ್ನು ತಗ್ಗಿಸತಕ್ಕದ್ದು. ಇವುಗಳನ್ನು ಪಾಲಿಸುವವನ ಕೈಯಲ್ಲಿ ಯಂತ್ರವು ಸೇವಕನಾಗಿರುವುದು. ಪಾಲಿಸಲಾರದವನು ಅದೇ ಹಣದಲ್ಲಿ ಒಳ್ಳೆಯ ತಂತಿಗಳನ್ನೂ ಒಬ್ಬ ಒಳ್ಳೆಯ ಉಪಾಧ್ಯಾಯನನ್ನೂ ಸಂಪಾದಿಸಿಕೊಂಡರೆ ಅವನ ಮನೆಗೂ ನೆರೆಮನೆಗೂ ಕ್ಷೇಮ.