ಕಿಟಕಿಗೆ ಫಿಲ್ಮ್ ಬೇಕೆ?

ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಹೊಸ ಆರ್‌ಸಿಸಿ ಮನೆ ಕಟ್ಟಿಸಿದವರು ಬೇಸಿಗೆ ಬಂದೊಡನೆ ಕೇಳುವ ಪ್ರಶ್ನೆ ಇದು: ಕಿಟಕಿ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಮನೆ ತಂಪಾದೀತೆ? ಸ್ವಲ್ಪ ಆಗುತ್ತದೆ, ಆದರೆ ಎಲ್ಲ ಕಿಟಕಿಗೂ ಬೇಡ. ಬಿಸಿಲು ನೇರ ಬಡಿಯುವುದು ಪಡುವಣ ಗೋಡೆಗೆ, ಸಂಜೆ ಮೂರರ ಮೇಲೆ. ಬಡಗಣ ಕಿಟಕಿಗೆ ಹಾಕಿದ ದುಡ್ಡು ಬಹುಮಟ್ಟಿಗೆ ದಂಡ. ಒಳ್ಳೆಯ ಫಿಲ್ಮ್ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತದೆ, ಪರದೆ, ಪುಸ್ತಕಗಳ ಬಣ್ಣ ಉಳಿಯುತ್ತದೆ, ನಿಜ. ಕನ್ನಡಿಯಂಥ ಫಿಲ್ಮ್ ಹಗಲು ಮರೆ ಕೊಡುತ್ತದೆ. ರಾತ್ರಿ ಒಳಗೆ ದೀಪ ಹಚ್ಚಿದರೆ ಹೊರಗಿನವರಿಗೆ ಎಲ್ಲವೂ ಕಾಣುತ್ತದೆ, ಇದನ್ನು ಅಂಗಡಿಯವರು ಹೇಳುವುದು ಕಡಿಮೆ. 2012ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು ವಾಹನಗಳ ಫಿಲ್ಮನ್ನು. ಮನೆಗೆ ಆ ಅಡ್ಡಿಯಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಗೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಕಾಯುವುದು ಕಿಟಕಿಯಲ್ಲ, ಸ್ಲ್ಯಾಬು. ಹಳೆಯ ಮಣ್ಣಿನ ಮಾಳಿಗೆ ಮನೆಗಳು ದಪ್ಪ ಗೋಡೆ, ಸಣ್ಣ ಕಿಟಕಿಗಳಿಂದಲೇ ತಂಪಾಗಿದ್ದವು. ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯಬೇಕು. ಮೊದಲು ಮಾಳಿಗೆಗೆ ಬಿಳಿ ಸುಣ್ಣ ಬಳಿಯಿರಿ, ಪಡುವಣ ಕಿಟಕಿಗೆ ತಟ್ಟಿ ಕಟ್ಟಿರಿ, ಅಂಗಳದಲ್ಲೊಂದು ಬೇವು ನೆಡಿರಿ. ಆಮೇಲೂ ಸೆಖೆ ತಾಳದಿದ್ದರೆ ಆ ಒಂದು ಕಿಟಕಿಗೆ ಮಾತ್ರ ಫಿಲ್ಮ್ ಹಾಕಿಸಿ.